ಪುಟ ನೂರಾ ಹನ್ನೆರಡು

ಮೂರು ಗಂಟೆಗೇ ಕತ್ತಲಾಗುತ್ತದೆ ಕೆಮಿಯಲ್ಲಿ, ಡಿಸೆಂಬರಿನಲ್ಲಿ.
ದೀಪ ಹಚ್ಚುವುದಿಲ್ಲ ನಾನು. ಪರದೆಯ ಬೆಳಕೇ ಸಾಕು,
ಬಿಳಿಯನ್ನು ನೋಡುವ ಕೆಲಸಕ್ಕೆ.

ಓದುವವರು ಕರಿಯದನ್ನು ಓದುತ್ತಾರೆ.
ನನಗೆ ಸಂಬಳ ಬರುವುದು
ಅದರ ನಡುವೆ ಉಳಿದದ್ದಕ್ಕೆ.

ಯಾಲ್ಮಾರಿ ಮುದುಕನ ನೆನಪಿನ ಪುಸ್ತಕ ಇದು.
ನಲವತ್ತು ಬೇಸಿಗೆ ಹೊಳೆಯಲ್ಲಿ ಮರದ ದಿಮ್ಮಿ ತೇಲಿಬಿಟ್ಟವನು,
ಕೊಕ್ಕೆಗೋಲು ಹಿಡಿದು ದಿಮ್ಮಿಯಿಂದ ದಿಮ್ಮಿಗೆ ನೆಗೆದವನು.
ಊರಿನ ವಸ್ತುಸಂಗ್ರಹಾಲಯ ಅಚ್ಚು ಹಾಕಿಸುತ್ತಿದೆ, ಮುನ್ನೂರು ಪ್ರತಿ.
ಕಾಗದ ಉಳಿಯಲೆಂದು ಎರಡು ಕಾಲಂ, ಎರಡೂ ಅಂಚು ನೇರ.
ನಾನು ಬೇಡವೆಂದಿದ್ದೆ.
ನಮ್ಮ ಭಾಷೆಗೆ ಹದಿನೈದು ವಿಭಕ್ತಿ;
ಒಂದೊಂದು ಪದವೂ ಗೂಡ್ಸ್ ಗಾಡಿ,
ಬಾಲಕ್ಕೆ ಬಾಲ ಕಟ್ಟಿಕೊಂಡು ಬರುತ್ತದೆ.
ಇಕ್ಕಟ್ಟಿನ ಕಾಲಂನಲ್ಲಿ ಮೂರೇ ಕೂರುತ್ತವೆ,
ನಾಲ್ಕನೆಯದಕ್ಕೆ ಜಾಗವಿಲ್ಲ, ಕೂತ ಮೂರರ ನಡುವೆ
ಹಿಮಸಾರಂಗ ಮಲಗುವಷ್ಟು ಬಯಲು.

ನೂರಾ ಹನ್ನೆರಡನೆಯ ಪುಟಕ್ಕೆ ಬಂದಾಗ ಕಂಡಿತು:
ಏಳು ಸಾಲಿನ ಖಾಲಿಗಳು ಒಂದರ ಕೆಳಗೊಂದು ಕೂಡಿಕೊಂಡು
ಮೇಲಿಂದ ಕೆಳಕ್ಕೆ ಬಿಳಿ ಹೊಳೆ.
ಕಸುಬಿನವರು ಅದನ್ನು ಹಾಗೆಯೇ ಕರೆಯುತ್ತೇವೆ, ಹೊಳೆ ಎಂದೇ.
ಕಣ್ಣು ಅರೆಮುಚ್ಚಿದರೆ ಕಾಣುತ್ತದೆ,
ಇಲ್ಲವೇ ಪುಟವನ್ನು ತಲೆಕೆಳಗು ಮಾಡಿದರೆ.
ಒಮ್ಮೆ ಕಂಡಿತೋ ಮುಗಿಯಿತು,
ಆಮೇಲೆ ಅಕ್ಷರ ಕಾಣುವುದೇ ಇಲ್ಲ.

ಚೌಕ ತೆರೆದೆ.
ಪದಗಳ ನಡುವೆ: ಕನಿಷ್ಠ ಎಂಬತ್ತು, ಬೇಕಾದದ್ದು ನೂರು,
ಗರಿಷ್ಠ ನೂರಾ ಮೂವತ್ತಮೂರು.
ಶೇಕಡಾ ಲೆಕ್ಕ. ಯಾವುದರ ಶೇಕಡಾ ಎಂದರೆ,
ಈ ಅಕ್ಷರಗಳನ್ನು ಯಾವನೋ ಕಡೆದನಲ್ಲ,
ಅವನು ಉಸಿರಿಗೆ ಸಾಕೆಂದು ಬಿಟ್ಟ ಜಾಗದ್ದು.
ಎಂಬತ್ತನ್ನು ಎಪ್ಪತ್ತು ಮಾಡಿದೆ. ಹೊಳೆ ಎಡಕ್ಕೆ ಸರಿಯಿತು.
ಅಕ್ಷರಗಳ ಸಂದಿನಿಂದ ಒಂದು ಪಾಲು ಕದ್ದೆ. ಬಲಕ್ಕೆ.
ಪದ ಮುರಿದು ಅಡ್ಡಗೆರೆ ಹಾಕಿದೆ.
ಕವಲಾಯಿತು, ಕೆಳಗೆ ಹೋಗಿ ಮತ್ತೆ ಕೂಡಿತು.
ಅಣೆಕಟ್ಟು ಕಟ್ಟಿದವರೂ ಹೀಗೇ ಒದ್ದಾಡಿರಬೇಕು.
ಕಾಫಿ ಆರಿತು.

ಆಗ ಓದಿದೆ. ವಾರದಿಂದ ಜೋಡಿಸುತ್ತಿದ್ದವಳು
ಮೊದಲ ಸಲ ಓದಿದೆ:
"ಆ ವಸಂತ ದಿಮ್ಮಿಗಳು ಬಂಡೆಗೆ ಸಿಕ್ಕಿ ಗುಡ್ಡೆ ಬಿದ್ದವು.
ಬಿಡಿಸಲು ಇಬ್ಬರು ಇಳಿದೆವು. ಹೊಳೆ
ತಮ್ಮನನ್ನು ತಿರುಗಿ ಕೊಡಲಿಲ್ಲ. ಬೆಳಿಗ್ಗೆ ಕೆಲಸ ಮುಂದುವರಿಯಿತು."
ಅಷ್ಟೇ. ಮುಂದಿನ ಪ್ಯಾರಾ ಗಂಜಿಯ ಬಗ್ಗೆ.

ಫೋನ್ ಮಾಡಿದೆ. "ಯಾಲ್ಮಾರಿ, ಇಲ್ಲೊಂದು
ಚಿಕ್ಕ ಪದ ಬೇಕಿತ್ತು, ಐದಾರು ಅಕ್ಷರದ್ದು.
ಯಾವುದಾದರೂ ನಡೆಯುತ್ತೆ, ಸಾಲು ತುಂಬಬೇಕು ಅಷ್ಟೆ."
ಆ ಕಡೆಯ ಗೋಡೆಗಡಿಯಾರ ಕೇಳಿಸಿತು.
ನಮ್ಮ ಜನ ಫೋನಿನಲ್ಲಿ ಸುಮ್ಮನಿರುವುದು ಹೊಸದಲ್ಲ.
ಆದರೆ ನನಗೆ ಅಳೆದು ಅಭ್ಯಾಸ:
ಇದು ಗರಿಷ್ಠವನ್ನು ದಾಟಿತ್ತು.

"ತಮ್ಮ ಅಂತ ಇದೆಯಲ್ಲ, ಅದರ ಮುಂದೆ
ತೌನೋ ಅಂತ ಹಾಕು" ಅಂದ.
"ವಿಭಕ್ತಿ ನೀನೇ ಹಚ್ಚಿಕೋ."

ಕಡತವನ್ನೆಲ್ಲ ಹುಡುಕಿಸಿದೆ, ಇನ್ನೂರ ನಲವತ್ತು ಪುಟ.
ಕೊಕ್ಕೆಗೋಲು ತೊಂಬತ್ತೊಂದು ಸಲ ಇತ್ತು.
ಆ ಹೆಸರು ಒಂದು ಕಡೆಯೂ ಇರಲಿಲ್ಲ.

ಹಾಕಿದೆ. ಸಾಲು ಅಲುಗಿತು, ಅದರ ಕೆಳಗಿನದು, ಅದರ ಕೆಳಗಿನದು,
ಗುಡ್ಡೆಯ ಕೀಲು ಕಿತ್ತ ಮೇಲೆ
ದಿಮ್ಮಿಗಳು ತಮ್ಮಷ್ಟಕ್ಕೆ ಹೊರಳುವ ಹಾಗೆ.
ಬಿಳಿ ಕಡಿಯಿತು.
ಪೂರ್ತಿ ಅಲ್ಲ. ಕೊನೆಯ ಎರಡು ಸಾಲಿನಲ್ಲಿ ಇನ್ನೂ ಒಂದು ತೊರೆ.
ಗಂಜಿಯ ಪ್ಯಾರಾದ ಒಂದೇ ಒಂದು ಸಾಲು
ಮುಂದಿನ ಪುಟದ ನೆತ್ತಿಗೆ ಹೋಗಿ ಅನಾಥವಾಗಿ ಕೂತಿದೆ.
ಅದನ್ನು ನಾಳೆ ನೋಡಬೇಕು.

ಎಪ್ಪತ್ತನ್ನು ಮತ್ತೆ ಎಂಬತ್ತಕ್ಕೆ ತಂದೆ.
ತೌನೋವಿನ ಎಡಕ್ಕೂ ಬಲಕ್ಕೂ ಮಾತ್ರ,
ಯಾರಿಗೂ ಹೇಳದೆ,
ನೂರಾ ಎರಡು ಕೊಟ್ಟೆ.