ಪೆಟಗಿ ಮುಗದ ಮ್ಯಾಲ

ವಾಸ್ಕೋದ ಡಾಕ್‌ಯಾರ್ಡಿನಾಗ ಹದಿನಾರು ವರ್ಷ
ಬಾರ್ಜಿನ ಹೊಟ್ಟಿಯೊಳಗ ಕುಂತು ಜಂಗು ಬಡದೀನಿ.
ಒಳಗ ಬಡದ್ರ
ಪೆಟ್ಟು ಒಂದು, ಸಪ್ಪಳ ನಾಕು.
ಕಿವಿಗೆ ಅರಳಿ ತುರುಕೋ ಅಂತಿದ್ದ ಕಾಯ್ತಾನ್ ಮೇಸ್ತ್ರಿ.
ಅರಳಿ ತುರುಕಿದ್ರ ಊಟದ ಗಂಟಿ ಕೇಳತಿರಲಿಲ್ಲ.

ಬಾರ್ಜು ಗುಜರಿಗೆ ಹೋತು.
ಸಪ್ಪಳ ನನ್ನ ಹಿಂದ ಮನಿಗೆ ಬಂತು.
ಸುತ್ತಿಗಿದಲ್ಲ, ಸುತ್ತಿಗಿ ಸಪ್ಪಳದ ಬಾಲ,
ಸಣ್ಣಗ, ಕಡೀನ ಇಲ್ಲದ್ದು.

ಚಿಕಳಿ ದವಾಖಾನ್ಯಾಗ ಕಾಜಿನ ಪೆಟಗಿಯೊಳಗ ಕುಂಡ್ರಿಸಿ
ಕೇಳಿದ್ರ ಗುಂಡಿ ಒತ್ತರಿ ಅಂದ್ಳು ಹುಡುಗಿ.
ಒತ್ತಿದೆ. ಒತ್ತಿಕೋತನ ಇದ್ದೆ.
"ಕಾಕಾ, ನಾ ಇನ್ನೂ ಮಿಷನ್ನ ಚಾಲೂ ಮಾಡಿಲ್ಲ."

ರಾತ್ರಿ ಝುವಾರಿನಗರದಾಗ ಕರೆಂಟು ಹೋತಂದ್ರ
ಫ್ಯಾನು, ಫ್ರಿಜ್ಜು, ಮಗ್ಗಲಮನಿ ಟೀವಿ
ಎಲ್ಲಾ ಬಾಯಿ ಮುಚ್ಚತಾವ.
ಎಷ್ಟ್ ಗಪ್ಪಾತು ನೋಡ್ರಿ, ಅಂತಾಳ ಹುಲಿಗೆವ್ವ.
ನಾ ಹೂಂ ಅಂತೀನಿ.

ಶನಿವಾರ ಭಜನಿಗೆ ಹ್ವಾದಾಗ
ಫಕೀರಯ್ಯನ್ನ ಕೇಳಿದೆ, ಇದು ಯಾವ ಸ್ವರ, ಹುಡುಕು.
ಅವ ಹಾರ್ಮೋನಿಯಂದ ಒಂದೊಂದ ಮನಿ ಒತ್ತಿದ.
ಇದಾ?
ಇನ್ನೂ ಮ್ಯಾಲ.
ಇದಾ?
ಇನ್ನೂ.
ಬೆರಳು ಕಡೀ ಬಿಳೀ ಮನಿ ದಾಟಿ
ಬರೇ ಕಟ್ಟಿಗಿ ಮ್ಯಾಲ ಬಂದು ನಿಂತಿತು.
"ಮುಂದ ಪೆಟಗೀನ ಇಲ್ಲಲೋ ಯಮನಪ್ಪ."

ಇಬ್ಬರೂ ಆ ಕಟ್ಟಿಗಿ ನೋಡಿಕೋತ ಕುಂತಿವಿ,
ಅಲ್ಲಿ ವಾರ್ನಿಶ್ ಎದ್ದಿತ್ತು.
ಆಮ್ಯಾಲ ಅವ ತಿದಿ ಎಳದು
ತನ್ನ ಕೆಳಗಿನ ಷಡ್ಜ ಹಿಡದ.
ನಾ ತಾಳ ತಗೊಂಡೆ.
ಎರಡನೇ ನುಡಿಯೊಳಗ ಒಂದು ಪೆಟ್ಟು ತಪ್ಪಿತು.
ಯಾರೂ ತಿರುಗಿ ನೋಡಲಿಲ್ಲ.