ಹಳೇ ಲೈನಿನ ಮೇಲೆ ಹುರುಳಿ

ನೈಟ್ ಡ್ಯೂಟಿ ಮುಗಿಸಿ
ಚಿಂತಾಮಣಿಯ ಆಸ್ಪತ್ರೆ ಗೇಟು ದಾಟಿದರೆ
ಎಡಕ್ಕೆ ಮನೆ, ನಿದ್ದೆ.
ನಾನು ಬಲಕ್ಕೆ ತಿರುಗುತ್ತೇನೆ.

ಟೊಮೇಟೊ ಲಾರಿಗಳ ಸಾಲು ಮುಗಿದ ಮೇಲೆ
ಇಟ್ಟಿಗೆ ಗೂಡಿನ ಹಿಂದೆ
ಸಣ್ಣ ರೈಲಿನ ಹಳೇ ಏರಿ.
ಹಳಿ ಎತ್ತಿದ್ದಾರೆ,
ಸ್ಲೀಪರು ಯಾರ ಮನೆ ಬಾಗಿಲ ಚೌಕಟ್ಟೋ ಈಗ.
ಜಲ್ಲಿ ಮಾತ್ರ ಉಳಿದಿದೆ,
ಕದಿಯುವಷ್ಟು ಬೆಲೆ ಬಾಳದ್ದು.
ಸಂದಿನಲ್ಲಿ ತಂಗಡಿ, ಜಾಲಿ, ಅಲ್ಲೊಂದು ಇಲ್ಲೊಂದು
ಯಾರೋ ಕಿಟಕಿಯಿಂದ ಎಸೆದ ಓಟೆಯಿಂದ ಎದ್ದ ಮಾವು.

"ಗಾಳಿ ಕಡಿಮೆ ಇಡಿ, ಸಿಸ್ಟರಮ್ಮಾ"
ಅಂದಿದ್ದ ಪಂಕ್ಚರ್ ಬಾಬಾಜಾನ್,
ನಾನು ನಾಡಿ ಹಿಡಿಯುವ ಹಾಗೆ
ಹೆಬ್ಬೆರಳಲ್ಲಿ ದಪ್ಪ ಟಯರು ಒತ್ತಿ ನೋಡಿ.
"ತುಂಬಿದ ಟಯರು ಕಲ್ಲುಕಲ್ಲಿಗೂ ಜಗಳ ತೆಗೆಯುತ್ತೆ.
ಸ್ವಲ್ಪ ಸೊರಗಿದ್ದು
ಮಾತಾಡಿಸಿಕೊಂಡು ಹೋಗುತ್ತೆ."

ರಸ್ತೆಗಾದರೆ ಗುಡ್ಡದ ಮೇಲೆ ಹಠ.
ರೈಲಿಗೆ ಏರು ಆಗದು.
ಅದಕ್ಕೇ ಹೆಸರಿಲ್ಲದ ಎಷ್ಟೋ ಜನ
ಮಂಕರಿಯಲ್ಲಿ ಮಣ್ಣು ಹೊತ್ತು
ತಗ್ಗು ತುಂಬಿ, ದಿಣ್ಣೆ ಸೀಳಿ,
ಇನ್ನೂ ಹುಟ್ಟದ ನನ್ನ ಮೊಣಕಾಲಿಗೆ
ದಾರಿ ಹದ ಮಾಡಿ ಹೋದರು.
ಹತ್ತುತ್ತಿದ್ದೇನೆಂದು ಗೊತ್ತೇ ಆಗುವುದಿಲ್ಲ.
ತಿರುಗಿ ನೋಡಿದರೆ
ಕೆರೆ ಕೆಳಗಿದೆ, ಮಂಜು ಹೊದ್ದು.

ಮೂರನೇ ಮೋರಿಯ ಹತ್ತಿರ ದಾರಿಯೇ ಕಾಣದು.
ಅಡ್ಡಗಲಕ್ಕೂ ಹುರುಳಿ,
ಬುಡಸಮೇತ ಕಿತ್ತು ಹರವಿದ್ದು.
ಮೋರಿ ಕಟ್ಟೆಯ ಮೇಲೆ ಪಿಳ್ಳಮ್ಮ, ತಲೆಗೆ ಟವಲು,
ಪಕ್ಕದಲ್ಲಿ ದೊಣ್ಣೆ,
ಮುಖದಲ್ಲಿ ದೊಣ್ಣೆಯ ಮೇಲಿನ ಬೇಸರ.
ಇಳಿದು, ಸೈಕಲ್ಲು ಹೆಗಲಿಗೆ ಹಾಕಿಕೊಂಡೆ.

"ಎತ್ಕೊಂಡ್ ಯಾಕಮ್ಮೋ ಹೋಗ್ತೀಯ? ಮ್ಯಾಲೇ ಓಡ್ಸು.
ಟಾರು ರಸ್ತೆಗೆ ಹಾಕ್ತಿದ್ದೆ.
ಹೋದ ವಾರ ಸ್ಕೂಟ್ರು ಹುಡುಗ ಜಾರಿ ಬಿದ್ನಂತೆ,
ಪೊಲೀಸ್ನೋರು ಬೈದ್ರು.
ಹುಡುಗ ಏನಾದ್ನೋ, ಏನೋ."

ನನಗೆ ಗೊತ್ತಿತ್ತು.
ಗದ್ದಕ್ಕೆ ಐದು ಹೊಲಿಗೆ. ಟ್ರೇ ಹಿಡಿದಿದ್ದವಳು ನಾನೇ.
ಚಿಮಟಕ್ಕೆ ಮೊದಲು ಸಿಕ್ಕಿದ್ದು
ಹುರುಳಿಕಾಯಿಯ ಸಿಪ್ಪೆ.
"ಚೆನ್ನಾಗಿರ್ತಾನೆ ಬಿಡಿ" ಅಂದೆ,
ಪೆಡಲು ತುಳಿದೆ.

ಹೋದೆ, ಬಂದೆ.
ಚಟ್ ಅನ್ನಬೇಕಾದ ಕಾಯಿ
ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಸರಿದವು.
"ನಿನ್ ಗಾಡೀಲಿ ತೂಕಾನೇ ಇಲ್ವಲ್ಲೇ. ಗಾಳಿ ಹೊಡಿ!"

ಬಾಬಾಜಾನನಿಗೆ ಮನಸ್ಸಲ್ಲೇ ತಪ್ಪೊಪ್ಪಿಕೊಂಡು
ಕೈಪಂಪು ತೆಗೆದೆ.
ಟಯರು ಬಂಡೆಯಾಯಿತು.
ಈಗ ಚಟಪಟ, ಹಿಂದೆ ಚಟಪಟ,
ಎಂಟು, ಒಂಬತ್ತು, ಆಮೇಲೆ ಎಣಿಕೆ ತಪ್ಪಿತು.

ಅವಳು ಗಿಡ ಮಗುಚುತ್ತಾ ಹೇಳಿದಳು,
ಅವರವ್ವ ಇದೇ ತಿರುವಿನಲ್ಲಿ
ಓಡುವ ರೈಲಿನಿಂದ ಇಳಿದು
ಮಡಿಲ ತುಂಬ ಹುಣಸೆ ಆಯ್ದು
ಕೊನೇ ಡಬ್ಬಿ ಹತ್ತುತ್ತಿದ್ದಳಂತೆ.
"ಅಷ್ಟ್ ನಿಧಾನ. ನೀನೇ ಜೋರು ಅದಕ್ಕಿಂತ."

ನನ್ನ ವೇಗವನ್ನು ಇಲ್ಲಿಯವರೆಗೆ
ಯಾರೂ ಹೊಗಳಿರಲಿಲ್ಲ.

ಆ ಗುಂಗಿನಲ್ಲಿ ಗಾಳಿ ಇಳಿಸಲು ಮರೆತೆ.
ಮನೆಯವರೆಗೂ ಜಲ್ಲಿ
ಒಂದೊಂದೇ ಬಂದು ಮೂಳೆಗೆ ಬಡಿಯಿತು,
ಬಾಬಾಜಾನ್ ಹೇಳಿದ್ದ ಜಗಳವೆಲ್ಲ
ಒಟ್ಟಿಗೆ.

ರಾತ್ರಿ ವಾರ್ಡಿಗೆ ಹೋದರೆ
ಹಗಲು ರಜೆ ಸಿಗದೆ ಬಂದ ಆ ಹುಡುಗ
ಹೊಲಿಗೆ ಬಿಚ್ಚಿಸಲು ಕೂತಿದ್ದ.
"ಯಾರೋ ರಸ್ತೆಗೇ ಹುರುಳಿ ಹಾಕಿದ್ರು, ಸಿಸ್ಟರ್.
ಬುದ್ಧಿ ಬೇಡ್ವಾ?"

ತೊಡೆ ನೋಯುತ್ತಿತ್ತು.
ಷೂ ಒಳಗೆ ಏನೋ ಚುಚ್ಚುತ್ತಿತ್ತು, ಗುಂಡಗೆ.
"ಗದ್ದ ಎತ್ತು" ಅಂದೆ.
"ಇನ್ನು ಹಾಕಲ್ಲ ಬಿಡು."