ಅರ್ಧ ಬಟ್ಟಲು

ಕರಾಕೋಲ್ ಊರಿನ ಹೋಟೆಲ್ ಶಾಲೆಯಲ್ಲಿ
ಬುಧವಾರ ನನ್ನದು ನಗುವಿನ ಪಾಠ.
ಹನ್ನೊಂದು ಮಕ್ಕಳು, ಒಂದೇ ಕನ್ನಡಿ;
ಅದೂ ಮೂಲೆ ಒಡೆದದ್ದು.

"ಹಲ್ಲು ಕಾಣಲಿ, ಒಸಡು ಬೇಡ" ಅಂದೆ.
ಕುಬಾತ್ ಪ್ರಯತ್ನಪಟ್ಟ.
ಕಡಿವಾಣ ಕಚ್ಚಿದ ಕುದುರೆಯ ಹಾಗಾಯಿತು ಮುಖ.
ಎಲ್ಲರೂ ನಕ್ಕರು, ಅವನೂ ನಕ್ಕ.
"ಹಾಂ, ಅದೇ, ಅದೇ!" ಎನ್ನುವಷ್ಟರಲ್ಲಿ
ಇಂಗಿಹೋಯಿತು.

ಆಮೇಲೆ ದೂರಿನ ಪಾಠ. ನಾನೇ ಅತಿಥಿ:
"ಸೂಪು ತಣ್ಣಗಿದೆ! ಇದೇನು ಹೋಟೆಲೋ, ಕುರಿದೊಡ್ಡಿಯೋ?"
ಕುಬಾತ್ ನೆಲ ನೋಡುತ್ತ ನಿಂತ.
ಕಣ್ಣಿಗೆ ಕಣ್ಣು ಕೊಟ್ಟರೆ ಎರಡಂಕ,
ಕೂಡಲೇ ಕ್ಷಮೆ ಕೇಳಿದರೆ ಮೂರು.
"ಹಿರಿಯರು ಬೈಯುವಾಗ ನಮ್ಮಲ್ಲಿ
ಕಣ್ಣೆತ್ತುವುದಿಲ್ಲ, ಎಜೆ" ಎಂದ,
ಕಿವಿ ಕೆಂಪಗೆ ಮಾಡಿಕೊಂಡು.
ನನಗೆ ಗೊತ್ತಿಲ್ಲವೇ?
ಬೇಸಗೆಯ ಹುಲ್ಲುಗಾವಲಲ್ಲಿ, ಉಣ್ಣೆಯ ಗುಡಾರದಲ್ಲಿ
ಅದೇ ಬೈಗುಳ ತಿಂದು ಬೆಳೆದವಳು ನಾನೂ.
ಐದೂ ಅಂಕ ಕಳೆದೆ.
ಆ ರಾತ್ರಿ ಊಟ ಸೇರಲಿಲ್ಲ.

ಚೋಲ್ಪೋನಳದು ಬೇರೆ ಪೇಚು.
ಚಹಾ ಸುರಿದರೆ ಅರ್ಧ ಬಟ್ಟಲಿಗೇ ನಿಲ್ಲುತ್ತದೆ ಕೈ.
ತುಂಬಿಸಿ ಕೊಟ್ಟರೆ, ಕುಡಿದು ಹೊರಡಿ ಎಂದರ್ಥ;
ಅರ್ಧ ಕೊಟ್ಟರೆ, ಇರಿ, ಇನ್ನೂ ಹಾಕುವುದಿದೆ.
ಪುಸ್ತಕ ಮಾತ್ರ ಹೇಳುತ್ತದೆ: ಅಂಚಿನಿಂದ ಒಂದು ಬೆರಳು ಕೆಳಗೆ.
ಬೆರಳಿಟ್ಟು ತೋರಿಸಿದೆ, ಸೀಮೆಸುಣ್ಣದಲ್ಲಿ ಗೆರೆ ಎಳೆದೆ.
ಅವಳು ಕೇಳಿದಳು, ಕೈ ಕೇಳಲಿಲ್ಲ.
ಅಜ್ಜಿಯ ಕೈ ಅದು,
ಮೊಮ್ಮಗಳ ತೋಳಿಗೆ ಬಂದು ಕೂತದ್ದು.

ಪರೀಕ್ಷೆಯ ದಿನ ನಿಜದ ಅತಿಥಿಗಳು.
ಕಿಟಕಿಯ ಬದಿಗೆ ಪೋಲೆಂಡಿನ ಒಬ್ಬ ಮುದುಕ,
ಬೆಟ್ಟ ಇಳಿದು ಬಂದವನು, ಬೂಟಿನ ತುಂಬ ಕೆಸರು.
"ಇಬ್ಬರಿಗೆ" ಅಂದ. "ಅಲ್ಲ, ಒಬ್ಬರಿಗೆ."
ಮೆನು ಓದುತ್ತ ಓದುತ್ತ ಅಳತೊಡಗಿದ,
ಸದ್ದಿಲ್ಲದೆ, ಪುಟ ಮಗುಚದೆ.

ಅದಕ್ಕೆ ನನ್ನ ಬಳಿ ಪಾಠವಿರಲಿಲ್ಲ.

ಎದುರಿನ ತಟ್ಟೆ, ಚಮಚ ಎತ್ತಲು ಹೋದ ಕುಬಾತ್
ಯಾಕೋ ಎತ್ತಲಿಲ್ಲ. ನೆಲ ನೋಡುತ್ತ
ಗೋಡೆಯ ಬದಿಗೆ ಸರಿದು ನಿಂತ.
ಚೋಲ್ಪೋನ್ ಅರ್ಧ ಬಟ್ಟಲು ಸುರಿದಳು.
ಮುಗಿಯಿತು. ಮತ್ತೆ ಅರ್ಧ.
ನಗಲಿಲ್ಲ, ಬೇರೇನು ಬೇಕೆಂದು ಕೇಳಲಿಲ್ಲ.
ಏಳು ಸಲ. ನಾನು ಎಣಿಸಿದೆ.
ಎಂಟನೆಯದಕ್ಕೆ ಬಟ್ಟಲ ಮೇಲೆ ಅಂಗೈ ಮುಚ್ಚಿ
ಮೀನು ತರಿಸಿಕೊಂಡ;
ಉಪ್ಪು ಜಾಸ್ತಿ ಎಂದು ಗೊಣಗಿದ ಕೂಡ!
ಕುಬಾತ್ ತಟ್ಟನೆ ಕಣ್ಣೆತ್ತಿ "ಕ್ಷಮಿಸಿ" ಅಂದ.

ಬಿಷ್ಕೆಕ್‌ನಿಂದ ಬಂದ ಪರೀಕ್ಷಕಿ ಪಟ್ಟಿ ಚಾಚಿದಳು.
ಚಹಾದ ಮಟ್ಟ: ಸರಿ, ತಪ್ಪು,
ಒಂದಕ್ಕೆ ಗುರುತು ಹಾಕಿ.

ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ.
ಒಳಗೆ ನೀರಿನ ಸದ್ದು;
ಆ ಬಟ್ಟಲನ್ನು ಉಜ್ಜುತ್ತಿದ್ದಾಳೆ ಚೋಲ್ಪೋನ್,
ಅರ್ಧಕ್ಕೇ ಕಟ್ಟಿ ಕೂತ
ಚಹಾದ ಕಂದು ಗೆರೆಯನ್ನು.